ಮಣ್ಣು ಹಾರಿದಾಗ ಎಚ್ಚೆತ್ತ ಅಮೆರಿಕ



ಅಮೆರಿಕ ಸಿರಿವಂತ ನಾಡು, ಅಲ್ಲಿನ ರೈತನಿಗೆ ಕಷ್ಟವೇ ಇಲ್ಲ ಎಂದು ನಾವು ಭಾವಿಸುವುದುಂಟು. ಆದರೆ 1930ರ ದಶಕದಲ್ಲಿ ಅಲ್ಲಿಯೂ ಸಾವಿರಾರು ರೈತರು ಹೊಲ ಮನೆ ಕಳೆದುಕೊಂಡು ಬೀದಿಗೆ ಬಿದ್ದರು. ಆ ಸಂಕಟವೇ ಆ ದೇಶದ ರಾಜಕೀಯವನ್ನು ಬದಲಿಸಿತು.

ಮೊದಲನೇ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆಯ ಬೆಲೆ ಬಂದಿತ್ತು. ಆ ಆಸೆಯಿಂದ ಕ್ಯಾನ್ಸಾಸ್, ಒಕ್ಲಹಾಮ, ಟೆಕ್ಸಾಸ್ ಕಡೆ ಹುಲ್ಲುಗಾವಲುಗಳನ್ನೆಲ್ಲ ಉತ್ತು ಗೋಧಿ ಬಿತ್ತಿದರು. 1929ರಲ್ಲಿ ಷೇರುಪೇಟೆ ಕುಸಿಯಿತು. ಬುಷೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, 1 ಡಾಲರ್‌ನಷ್ಟಿದ್ದ ಗೋಧಿ 1932ರಲ್ಲಿ 40 ಸೆಂಟ್‌ಗಿಂತ ಕೆಳಗಿಳಿಯಿತು. ಸಾಲ ತೀರದೆ ಜಮೀನುಗಳು ಹರಾಜಿಗೆ ಬಂದವು. ಅಯೋವಾ ಮೊದಲಾದ ಕಡೆ ನೆರೆಹೊರೆಯವರು ಒಗ್ಗಟ್ಟಾಗಿ ನಿಂತು, ಹರಾಜಿನಲ್ಲಿ ಕೆಲವೇ ಸೆಂಟ್ ಕೂಗಿ, ಕೊಂಡದ್ದನ್ನು ಒಡೆಯನಿಗೇ ಹಿಂದಿರುಗಿಸಿದರು.

ಇದರ ಮೇಲೆ ಬರ ಬಂತು. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳಲ್ಲಿ ಆ ಧೂಳು ನ್ಯೂಯಾರ್ಕ್‌ವರೆಗೂ ಹೋಯಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲು ಕವಿಯಿತು. ಅನೇಕರು ಗಂಟುಮೂಟೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಕೂಲಿಗೆ ಹೋದರು.

ಅಲ್ಲಿಯವರೆಗೆ ರೈತನ ಬೆಲೆ, ಸಾಲಗಳು ಬಹುಮಟ್ಟಿಗೆ ಅವನ ಪಾಡಿಗೇ ಬಿಟ್ಟ ವಿಷಯಗಳಾಗಿದ್ದವು. 1933ರಲ್ಲಿ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್ ಈ ಪದ್ಧತಿಯನ್ನು ಬದಲಿಸಿದರು. ಬಿತ್ತನೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟು ಬೆಲೆ ಎತ್ತುವ ಕಾಯಿದೆ ಅದೇ ವರ್ಷ ಬಂತು. 1935ರಲ್ಲಿ ಹ್ಯೂ ಬೆನೆಟ್ ಅವರ ನೇತೃತ್ವದಲ್ಲಿ ಭೂಸಂರಕ್ಷಣಾ ಇಲಾಖೆ ಹುಟ್ಟಿತು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಪಟ್ಟೆ ಬೇಸಾಯ, ಬದು ಹಾಕುವುದನ್ನು ಅದು ರೈತರಿಗೆ ಕಲಿಸಿತು. ಗಾಳಿ ತಡೆಯಲು 1942ರೊಳಗೆ 20 ಕೋಟಿಗೂ ಹೆಚ್ಚು ಮರಗಳನ್ನು ನೆಡಲಾಯಿತು. 1935ರ ಸುಮಾರಿಗೆ ಹತ್ತು ತೋಟಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ರೈತರ ಸಹಕಾರ ಸಂಘಗಳಿಗೆ ಸರ್ಕಾರದ ಸಾಲ ದೊರೆತ ಮೇಲೆ ಹಳ್ಳಿಗಳಲ್ಲಿ ದೀಪ ಬೆಳಗಿತು. ಜನ ರೂಸ್ವೆಲ್ಟರನ್ನು ನಾಲ್ಕು ಬಾರಿ ಆರಿಸಿದರು.

ಆದರೆ ಒಂದು ದೊಡ್ಡ ಲೋಪವೂ ಆಯಿತು. ದಕ್ಷಿಣದ ಹತ್ತಿ ಸೀಮೆಯಲ್ಲಿ ಪರಿಹಾರದ ಹಣ ಬಹುಪಾಲು ಭೂಮಾಲೀಕರ ಕೈ ಸೇರಿತು. ಬಿತ್ತನೆ ಇಳಿದ ಕಾರಣ ಪಾಲಿಗೆ ದುಡಿಯುತ್ತಿದ್ದ ಬಡವರು, ಅದರಲ್ಲೂ ಅನೇಕ ಕಪ್ಪುಜನರು, ನೆಲೆ ತಪ್ಪಿದರು. 1935ರ ವೃದ್ಧಾಪ್ಯ ವೇತನದ ಕಾಯಿದೆಯೂ ಮೊದಲು ಕೃಷಿ ಕೂಲಿಗಳನ್ನು ಹೊರಗಿಟ್ಟಿತ್ತು.

ಇದರಿಂದ ನಾವು ಕಲಿಯಬೇಕಾದ ಪಾಠ ಎರಡು. ಮೊದಲನೆಯದು, ಒಳ್ಳೆಯ ಬೆಲೆಯ ಕಾಲದಲ್ಲೇ ಮಣ್ಣಿನ ಬಗ್ಗೆ ಎಚ್ಚರ ಬೇಕು. ಎರಡನೆಯದು, ಯಾವುದೇ ಯೋಜನೆ ಬಂದಾಗ ಪಹಣಿಯಲ್ಲಿ ಹೆಸರಿದ್ದವನಿಗೆ ಮಾತ್ರವಲ್ಲ, ನೇಗಿಲು ಹಿಡಿದವನಿಗೂ ಅದು ಮುಟ್ಟಿತೇ ಎಂದು ಕೇಳಬೇಕು.