ಸಾರ್ವಕಾಲಿಕ ಶ್ರೇಷ್ಠ ತಂಡ: ಸೆಲ್ಟಿಕ್ ಅಭಿಮಾನಿಗಳ ಆಯ್ಕೆಯೂ ಅದರ ಒಳತರ್ಕವೂ

ಗುಂಡಪ್ಪ ವಿಶ್ವನಾಥ್ ದೊಡ್ಡವರೋ ರಾಹುಲ್ ದ್ರಾವಿಡ್ ದೊಡ್ಡವರೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಎಷ್ಟು ಬಾರಿ ನಡೆದಿಲ್ಲ? ಅಜ್ಜ ಒಂದು ಪಕ್ಷ, ಮೊಮ್ಮಗ ಇನ್ನೊಂದು ಪಕ್ಷ. ಕಾಫಿ ಆರಿಹೋದರೂ ವಾದ ಮುಗಿಯುವುದಿಲ್ಲ. ಎಲ್ಲ ಕಾಲದ ಆಟಗಾರರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹನ್ನೊಂದು ಮಂದಿಯನ್ನು ಆರಿಸುವ ಈ ಹವ್ಯಾಸ ಕ್ರಿಕೆಟ್ಟಿಗಷ್ಟೇ ಸೀಮಿತವಾದುದಲ್ಲ. ಕಾಲ್ಚೆಂಡಾಟದ ಅಭಿಮಾನಿಗಳು ಇದನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸುತ್ತಾರೆ. ಮೇಲ್ನೋಟಕ್ಕೆ ಬಿಡುವಿನ ವೇಳೆಯ ವಿನೋದವೆಂದು ತೋರುವ ಇಂತಹ ಆಯ್ಕೆಯ ಹಿಂದೆ ಒಂದು ಸಮುದಾಯ ತನ್ನ ಗತಕಾಲವನ್ನು ಹೇಗೆ ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬ ಸಂಗತಿ ಅಡಗಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಕ್ಲಬ್ಬಿನ ಅಭಿಮಾನಿಗಳು 2002ರಲ್ಲಿ ಮತ ಚಲಾಯಿಸಿ ಆರಿಸಿದ ತಂಡವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ವಲಸಿಗರು ಕಟ್ಟಿದ ಕ್ಲಬ್

ಸೆಲ್ಟಿಕ್ ಹುಟ್ಟಿದ್ದು 1887ರ ನವೆಂಬರ್‌ನಲ್ಲಿ, ಗ್ಲಾಸ್ಗೋದ ಪೂರ್ವಭಾಗದ ಒಂದು ಚರ್ಚಿನ ಸಭಾಂಗಣದಲ್ಲಿ. ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದು ಆ ಭಾಗದಲ್ಲಿ ನೆಲೆಸಿದ್ದ ಬಡ ಕುಟುಂಬಗಳ ಮಕ್ಕಳಿಗೆ ಊಟ ಒದಗಿಸಲು ಹಣ ಬೇಕಾಗಿತ್ತು. ಅದನ್ನು ಕೂಡಿಸಲೆಂದು ಬ್ರದರ್ ವಾಲ್‌ಫ್ರಿಡ್ ಎಂಬ ಧಾರ್ಮಿಕ ಶಿಕ್ಷಕರು ಈ ಕ್ಲಬ್ಬನ್ನು ಆರಂಭಿಸಿದರು. 1888ರ ಮೇ ತಿಂಗಳಲ್ಲಿ ಆಡಿದ ಮೊದಲ ಪಂದ್ಯದಲ್ಲೇ ಅದು ರೇಂಜರ್ಸ್ ತಂಡವನ್ನು 5-2ರಿಂದ ಸೋಲಿಸಿತು. ಅದೇ ರೇಂಜರ್ಸ್ ಮುಂದೆ ಅದರ ಬದ್ಧ ಎದುರಾಳಿಯಾಯಿತು.

ಊರು ಬಿಟ್ಟು ಬಂದವರು ಹೊಸ ನೆಲದಲ್ಲಿ ಒಂದು ಸಂಸ್ಥೆ ಕಟ್ಟಿಕೊಂಡರೆ ಅದು ಅವರ ಪಾಲಿಗೆ ಕೇವಲ ಸಂಸ್ಥೆಯಾಗಿ ಉಳಿಯುವುದಿಲ್ಲ. ಹೊರನಾಡಿನಲ್ಲಿ ನೆಲೆನಿಂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಲ್ಟಿಕ್ ಅಭಿಮಾನಿಗಳಿಗೆ ತಮ್ಮ ಶ್ರೇಷ್ಠ ತಂಡದ ಆಯ್ಕೆಯೆಂದರೆ ತಮ್ಮ ಮನೆತನದ ಹಿರಿಯರನ್ನು ಹೆಸರಿಸಿದಂತೆಯೇ.

ಆಯ್ಕೆಯಾದವರು

ಅಭಿಮಾನಿಗಳು ಆರಿಸಿದ ಹನ್ನೊಂದು ಮಂದಿ ಇವರು: ಗೋಲ್‌ಕೀಪರ್ ರಾನಿ ಸಿಂಪ್ಸನ್, ಡ್ಯಾನಿ ಮೆಕ್‌ಗ್ರೇನ್, ಟಾಮಿ ಗೆಮ್ಮೆಲ್, ಬಾಬಿ ಮರ್ಡಾಕ್, ಬಿಲ್ಲಿ ಮೆಕ್‌ನೀಲ್, ಬರ್ಟಿ ಆಲ್ಡ್, ಜಿಮ್ಮಿ ಜಾನ್‌ಸ್ಟನ್, ಪಾಲ್ ಮೆಕ್‌ಸ್ಟೇ, ಕೆನ್ನಿ ಡಾಲ್ಗ್ಲಿಶ್, ಹೆನ್ರಿಕ್ ಲಾರ್ಸನ್ ಮತ್ತು ಬಾಬಿ ಲೆನಾಕ್ಸ್. ಅದೇ ಸಂದರ್ಭದಲ್ಲಿ ಜಾನ್‌ಸ್ಟನ್ ಕ್ಲಬ್ಬಿನ ಸಾರ್ವಕಾಲಿಕ ಶ್ರೇಷ್ಠ ಆಟಗಾರರೆಂಬ ಮನ್ನಣೆಗೂ ಪಾತ್ರರಾದರು. ಲಾರ್ಸನ್ ಸ್ವೀಡನ್ನಿನವರು. ಉಳಿದ ಹತ್ತು ಮಂದಿಯೂ ಸ್ಕಾಟ್ಲೆಂಡಿನವರೇ.

ಈ ಪಟ್ಟಿಯ ಒಳತರ್ಕವನ್ನು ಅರಿಯಲು ಮೊದಲು ಒಂದು ದಿನವನ್ನು ನೆನೆಯಬೇಕು: 1967ರ ಮೇ 25. ಅಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಸೆಲ್ಟಿಕ್ ತಂಡವು ಇಟಲಿಯ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಮಣಿಸಿ ಯೂರೋಪಿಯನ್ ಕಪ್ ಗೆದ್ದಿತು. ಆ ಕಪ್ಪನ್ನು ಗೆದ್ದ ಮೊದಲ ಬ್ರಿಟಿಷ್ ತಂಡ ಅದು. ಆರಂಭದಲ್ಲೇ ಪೆನಾಲ್ಟಿಯಿಂದ ಗೋಲು ಬಿಟ್ಟುಕೊಟ್ಟ ತಂಡ ಎದೆಗುಂದದೆ ಮುನ್ನುಗ್ಗುತ್ತಲೇ ಇತ್ತು. ದ್ವಿತೀಯಾರ್ಧದಲ್ಲಿ ಗೆಮ್ಮೆಲ್ ದೂರದಿಂದ ಸಿಡಿಸಿದ ಚೆಂಡು ಬಲೆ ಸೇರಿ ಸಮಬಲವಾಯಿತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಸ್ಟೀವ್ ಚಾಮರ್ಸ್ ಗೆಲುವಿನ ಗೋಲು ಹೊಡೆದರು. ಆಟದ ವೇಳೆ ಕೆಲವು ಆಟಗಾರರ ಕಟ್ಟಿಸಿದ ಹಲ್ಲುಗಳು ಸಿಂಪ್ಸನ್ ಅವರ ಟೋಪಿಯಲ್ಲಿ ಗೋಲಿನ ಹಿಂದೆ ಭದ್ರವಾಗಿದ್ದವು. ಗೆದ್ದ ಕೂಡಲೇ ಫೋಟೋಗೆ ಮುಖ ತೋರಿಸುವ ಮೊದಲು ಅವರು ಅತ್ತ ಧಾವಿಸಿದರಂತೆ!

ಆ ದಿನ ಕಣಕ್ಕಿಳಿದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ 30 ಮೈಲಿಗಳ ಒಳಗೆ ಜನಿಸಿದವರು. ‘ಲಿಸ್ಬನ್ ಸಿಂಹಗಳು’ ಎಂದೇ ಅವರು ಖ್ಯಾತರು. ಅಭಿಮಾನಿಗಳ ಪಟ್ಟಿಯಲ್ಲಿ ಆ ಸಿಂಹಗಳ ಪೈಕಿ ಏಳು ಮಂದಿ ಇದ್ದಾರೆ: ಸಿಂಪ್ಸನ್, ಗೆಮ್ಮೆಲ್, ಮರ್ಡಾಕ್, ಮೆಕ್‌ನೀಲ್, ಆಲ್ಡ್, ಜಾನ್‌ಸ್ಟನ್ ಮತ್ತು ಲೆನಾಕ್ಸ್. ಅಂದರೆ 115 ವರ್ಷಗಳ ಇತಿಹಾಸದಿಂದ ಆರಿಸಿದ ತಂಡದ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಸಂಜೆಯ ತಂಡದ್ದು. ಆಯ್ಕೆಯ ಮೊದಲ ಸೂತ್ರ ಇಲ್ಲಿಯೇ ಸ್ಪಷ್ಟವಾಗುತ್ತದೆ. ಅಭಿಮಾನಿಗಳು ಬಿಡಿ ಆಟಗಾರರ ಸಾಮರ್ಥ್ಯವನ್ನಷ್ಟೇ ತೂಗುವುದಿಲ್ಲ. ತಮ್ಮ ಸಮುದಾಯ ತಲೆಯೆತ್ತಿ ನಿಂತ ಗಳಿಗೆಯನ್ನೂ ತೂಗುತ್ತಾರೆ.

ನಿಷ್ಠೆಗೂ ಒಂದು ಸ್ಥಾನ

ಆದರೆ ಗೆಲುವೇ ಸರ್ವಸ್ವವಾಗಿದ್ದರೆ ಪಾಲ್ ಮೆಕ್‌ಸ್ಟೇ ಈ ಪಟ್ಟಿಯಲ್ಲಿ ಇರುವುದು ಕಷ್ಟವಾಗುತ್ತಿತ್ತು. ಅವರು 1990ರಿಂದ 1997ರವರೆಗೆ ನಾಯಕರಾಗಿದ್ದರು. ರೇಂಜರ್ಸ್ ಸತತ ಒಂಬತ್ತು ಬಾರಿ ಲೀಗ್ ಗೆದ್ದ, ಸೆಲ್ಟಿಕ್ ಆರ್ಥಿಕವಾಗಿ ಮುಳುಗುವ ಅಂಚಿಗೆ ಬಂದಿದ್ದ ಕಾಲ ಅದು. 1994ರ ಲೀಗ್ ಕಪ್ ಫೈನಲ್‌ನಲ್ಲಿ ರೇತ್ ರೋವರ್ಸ್ ವಿರುದ್ಧ ನಿರ್ಣಾಯಕ ಪೆನಾಲ್ಟಿಯನ್ನು ತಪ್ಪಿಸಿಕೊಂಡವರೂ ಅವರೇ. ಹಾಗಿದ್ದರೂ ಜನ ಅವರನ್ನು ಬಿಟ್ಟುಕೊಡಲಿಲ್ಲ. ಬೇರೆಡೆ ಹೋಗುವ ಅವಕಾಶವಿದ್ದೂ ಕಷ್ಟಕಾಲದಲ್ಲಿ ಜೊತೆಗಿದ್ದವರನ್ನು ಅಭಿಮಾನಿಗಳು ಮರೆಯುವುದಿಲ್ಲ.

ಮೆಕ್‌ಗ್ರೇನ್ ಅವರದೂ ಇದೇ ಬಗೆಯ ಕಥೆ. 1972ರಲ್ಲಿ ತಲೆಬುರುಡೆ ಬಿರುಕುಬಿಟ್ಟಿತು. ಎರಡು ವರ್ಷಗಳ ಬಳಿಕ ಮಧುಮೇಹ ಪತ್ತೆಯಾಯಿತು. ಆದರೂ 1987ರವರೆಗೆ ಅವರು ಸೆಲ್ಟಿಕ್‌ನಲ್ಲೇ ಉಳಿದರು. ಬಾಲ್ಯದಲ್ಲಿ ಮೆಕ್‌ಗ್ರೇನ್ ಮತ್ತು ಡಾಲ್ಗ್ಲಿಶ್ ಇಬ್ಬರೂ ರೇಂಜರ್ಸ್ ಅಭಿಮಾನಿಗಳಾಗಿದ್ದರು ಎಂಬುದು ಕುತೂಹಲದ ಸಂಗತಿ. ಕ್ಯಾಥೊಲಿಕ್ ವಲಸಿಗರು ಕಟ್ಟಿದ ಕ್ಲಬ್ಬಾದರೂ ಸೆಲ್ಟಿಕ್ ಎಲ್ಲ ಮತದವರಿಗೂ ಬಾಗಿಲು ತೆರೆದಿತ್ತು. ಅದರ ಅತ್ಯಂತ ಯಶಸ್ವಿ ತರಬೇತುದಾರ ಜಾಕ್ ಸ್ಟೀನ್ ಪ್ರಾಟೆಸ್ಟೆಂಟರು.

ಪ್ರೀತಿಯೂ ಮತ ತಂದುಕೊಡುತ್ತದೆ. ಕುಳ್ಳಗಿನ ಜಾನ್‌ಸ್ಟನ್ ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ವಂಚಿಸಿ ಸಾಗುತ್ತಿದ್ದುದನ್ನು ಕಂಡವರು ಮತ್ತೆ ಮತ್ತೆ ಬಣ್ಣಿಸುತ್ತಾರೆ. ಅವರಿಗೆ ವಿಮಾನಯಾನವೆಂದರೆ ಭಯ. 1968ರಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ವಿರುದ್ಧ ಗ್ಲಾಸ್ಗೋದಲ್ಲಿ ಪಂದ್ಯವಿತ್ತು. ನಾಲ್ಕು ಗೋಲುಗಳ ಅಂತರದಲ್ಲಿ ಗೆದ್ದರೆ ಮರುಪಂದ್ಯಕ್ಕೆ ಬೆಲ್‌ಗ್ರೇಡಿಗೆ ಹಾರಬೇಕಾಗಿಲ್ಲ ಎಂದು ಸ್ಟೀನ್ ಅವರಿಗೆ ಮಾತು ಕೊಟ್ಟರು. ಸೆಲ್ಟಿಕ್ 5-1ರಿಂದ ಗೆದ್ದಿತು! ಇಂತಹ ಕಥೆಗಳು ಅಂಕಿಅಂಶಗಳಿಗಿಂತ ಸುಲಭವಾಗಿ ತಂದೆಯಿಂದ ಮಗನಿಗೆ ದಾಟುತ್ತವೆ.

ಲಾರ್ಸನ್ ಮಾತ್ರ ಮತದಾನದ ವೇಳೆ ಇನ್ನೂ ಸೆಲ್ಟಿಕ್‌ಗೆ ಆಡುತ್ತಿದ್ದವರು. 1997ರಲ್ಲಿ 6.5 ಲಕ್ಷ ಪೌಂಡಿಗೆ ಬಂದ ಅವರು ಮೊದಲ ಋತುವಿನಲ್ಲೇ ರೇಂಜರ್ಸ್‌ನ ಸತತ ಹತ್ತನೆಯ ಲೀಗ್ ಗೆಲುವನ್ನು ತಡೆಯಲು ನೆರವಾದರು. 1999ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕಾಲು ಮುರಿಯಿತು. ಚೇತರಿಸಿಕೊಂಡು ಬಂದ ಅವರು 2000-01ರ ಋತುವಿನಲ್ಲಿ 53 ಗೋಲು ಹೊಡೆದರು. ಕಣ್ಣೆದುರಿಗಿನ ಈ ಸಾಹಸಕ್ಕೆ ಮತ ಬೀಳದಿರಲು ಸಾಧ್ಯವೇ?

ಹೊರಗುಳಿದವರು

ಇಂತಹ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದಕ್ಕಿಂತ ಯಾರಿಲ್ಲ ಎಂಬುದೇ ಹೆಚ್ಚು ಯೋಚನೆಗೆ ಹಚ್ಚುತ್ತದೆ. 1922ರಿಂದ 1937ರವರೆಗಿನ ಅವಧಿಯಲ್ಲಿ ಆಡಿದ ಜಿಮ್ಮಿ ಮೆಕ್‌ಗ್ರೋರಿ ಸೆಲ್ಟಿಕ್ ಪರ 445 ಪಂದ್ಯಗಳಲ್ಲಿ 468 ಗೋಲು ಗಳಿಸಿದರು. ಪಂದ್ಯಕ್ಕೊಂದಕ್ಕಿಂತ ಹೆಚ್ಚು! 1928ರ ಜನವರಿಯಲ್ಲಿ ಡನ್‌ಫರ್ಮ್‌ಲಿನ್ ವಿರುದ್ಧ ಒಂದೇ ಪಂದ್ಯದಲ್ಲಿ ಎಂಟು ಗೋಲು ಹೊಡೆದರು. ಅದೇ ವರ್ಷ ಕ್ಲಬ್ಬಿನ ಆಡಳಿತವೇ ಅವರನ್ನು ಲಂಡನ್ನಿನ ಆರ್ಸೆನಲ್‌ಗೆ ಮಾರಲು ಹೊರಟಾಗ ಅವರು ಹೋಗಲು ಒಪ್ಪಲಿಲ್ಲ. ಇತರರಿಗಿಂತ ಕಡಿಮೆ ವೇತನ ಪಡೆದು ಸೆಲ್ಟಿಕ್‌ನಲ್ಲೇ ಉಳಿದರು. ಸಾಧನೆ, ನಿಷ್ಠೆ, ತ್ಯಾಗ ಮೂರೂ ಇದ್ದವು. ಆದರೂ ಹನ್ನೊಂದರಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ.

ಕಾರಣ ಸರಳ. 2002ರಲ್ಲಿ ಮತ ಹಾಕಿದವರಲ್ಲಿ ಮೆಕ್‌ಗ್ರೋರಿ ಆಟವನ್ನು ಕಂಡಿದ್ದವರು ಬಹಳ ವಿರಳ. ಸಿಂಹಗಳ ಆಟವನ್ನು ಹುಡುಗರಾಗಿ ನೋಡಿದವರು ಆಗ ನಡುವಯಸ್ಸನ್ನು ದಾಟಿದ್ದರು. ಮಕ್ಕಳಿಗೆ ಕಥೆ ಹೇಳಿ ಮುಗಿಸಿದ್ದರು. ಲಿಸ್ಬನ್ ಪಂದ್ಯದ ಚಿತ್ರೀಕರಣವೂ ಅವರ ಕೈಯಲ್ಲಿತ್ತು. ಮೆಕ್‌ಗ್ರೋರಿಗೆ ಉಳಿದದ್ದು ಹೆಚ್ಚಾಗಿ ಅಂಕಿಗಳು. ಅಂಕಿಗಳಿಗೆ ಗೌರವ ಸಲ್ಲುತ್ತದೆ, ಮತ ಬೀಳುವುದಿಲ್ಲ.

ಇದೇ ಗತಿ ಇತರರದೂ ಆಯಿತು. 1925ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಚೆಂಡನ್ನು ಎರಡು ಪಾದಗಳ ನಡುವೆ ಹಿಡಿದು ಪಲ್ಟಿ ಹೊಡೆದು ಬಲೆಯೊಳಕ್ಕೆ ಬಿದ್ದ ಪ್ಯಾಟ್ಸಿ ಗ್ಯಾಲಹರ್ ಇಲ್ಲ. 1931ರ ಸೆಪ್ಟೆಂಬರ್ 5ರಂದು ರೇಂಜರ್ಸ್ ಆಟಗಾರನ ಕಾಲಿನಡಿ ಚೆಂಡು ಹಿಡಿಯಲು ಹಾರಿ, ತಲೆಗೆ ಪೆಟ್ಟಾಗಿ, ಅದೇ ರಾತ್ರಿ 22ನೇ ವಯಸ್ಸಿಗೆ ಅಸುನೀಗಿದ ಗೋಲ್‌ಕೀಪರ್ ಜಾನ್ ಥಾಮ್ಸನ್ ಇಲ್ಲ. 1957ರ ಲೀಗ್ ಕಪ್ ಫೈನಲ್‌ನಲ್ಲಿ ರೇಂಜರ್ಸ್ ತಂಡವನ್ನು 7-1ರಿಂದ ಮಣಿಸಿದ ತಂಡದ ಒಬ್ಬರೂ ಇಲ್ಲ. ಅಷ್ಟೇಕೆ, ಲಿಸ್ಬನ್ನಿನಲ್ಲಿ ಗೆಲುವಿನ ಗೋಲು ಹೊಡೆದ ಚಾಮರ್ಸ್ ಕೂಡ ಇಲ್ಲ! ಮುಂಪಡೆಯ ಸ್ಥಾನಗಳು ಡಾಲ್ಗ್ಲಿಶ್ ಮತ್ತು ಲಾರ್ಸನ್ ಪಾಲಾದವು.

ಮೈದಾನಕ್ಕಿಳಿದರೆ ಗೆಲ್ಲುವುದೇ?

ಇನ್ನೊಂದು ಮಾತು. ಈ ಹನ್ನೊಂದು ಮಂದಿಯನ್ನು ನಿಜವಾಗಿ ಕಣಕ್ಕಿಳಿಸಿದರೆ ಏನಾದೀತು? ಮೆಕ್‌ಗ್ರೇನ್, ಮೆಕ್‌ನೀಲ್, ಗೆಮ್ಮೆಲ್ ಹೀಗೆ ರಕ್ಷಣೆಗೆ ಮೂವರೇ. ಅವರಲ್ಲಿ ಮೆಕ್‌ಗ್ರೇನ್ ಮತ್ತು ಗೆಮ್ಮೆಲ್ ಅವಕಾಶ ಸಿಕ್ಕರೆ ಮುನ್ನುಗ್ಗುವವರು. ನಡುವೆ ಮೂವರು, ಮುಂದೆ ನಾಲ್ವರು. ಯಾವ ತರಬೇತುದಾರರೂ ಇಂತಹ ತಂಡವನ್ನು ಕಳಿಸಲು ಹಿಂಜರಿಯುತ್ತಾರೆ. ಲಿಸ್ಬನ್ನಿನಲ್ಲಿ ಮೆಕ್‌ನೀಲ್ ಪಕ್ಕದಲ್ಲಿ ನಿಂತು ಸದ್ದಿಲ್ಲದೆ ರಕ್ಷಣೆ ನೋಡಿಕೊಂಡ ಜಾನ್ ಕ್ಲಾರ್ಕ್ ಅವರಂಥವರಿಗೆ ಮತದಾನದಲ್ಲಿ ಸ್ಥಾನ ಸಿಗುವುದು ಕಷ್ಟ. ಮನೆ ನಡೆಸುವವರು ಒಬ್ಬರು, ನೆನಪಿನಲ್ಲಿ ಉಳಿಯುವವರು ಇನ್ನೊಬ್ಬರು ಎಂಬುದು ಸಂಸಾರದಲ್ಲೂ ಉಂಟು, ಆಟದಲ್ಲೂ ಉಂಟು. ಆದುದರಿಂದ ಇದು ಪಂದ್ಯಕ್ಕಾಗಿ ಕಟ್ಟಿದ ತಂಡವಲ್ಲ, ಗೌರವಕ್ಕಾಗಿ ಕಟ್ಟಿದ ತಂಡ ಎಂದು ತಿಳಿದುಕೊಂಡರೆ ಅದರ ಬೆಲೆ ಸರಿಯಾಗಿ ಅರ್ಥವಾಗುತ್ತದೆ.

ಪಟ್ಟಿಗೆ ಸೇರದ ಒಬ್ಬ ಭಾರತೀಯ

ಸೆಲ್ಟಿಕ್ ಚರಿತ್ರೆಯಲ್ಲಿ ನಮ್ಮ ದೇಶದವರೊಬ್ಬರ ಹೆಸರೂ ಇದೆ. ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ 1936ರಲ್ಲಿ ಗ್ಲಾಸ್ಗೋಗೆ ಹೋಗಿ ಸೆಲ್ಟಿಕ್ ಪರ ಎರಡು ಪಂದ್ಯಗಳನ್ನು ಆಡಿದರು. ಬೂಟು ಧರಿಸದೆ, ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು ಆಡಿದ ಅವರ ಕಾಲ್ಚಳಕ ಅಲ್ಲಿನ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮೆಕ್‌ಗ್ರೋರಿ ಆಗ ಅದೇ ಕ್ಲಬ್ಬಿನ ಅಂಗಿ ತೊಟ್ಟಿದ್ದರು. ಆದರೆ ಊರಿನ ಹಂಬಲ ಕಾಡಿ ಸಲೀಂ ಮರಳಿ ಬಂದರು. ಬಹುಕಾಲದ ನಂತರ ಅವರ ಮಗ, ತಂದೆ ಕಾಯಿಲೆ ಬಿದ್ದಿದ್ದಾರೆಂದು ಸೆಲ್ಟಿಕ್‌ಗೆ ಪತ್ರ ಬರೆದರಂತೆ. ಕ್ಲಬ್ಬಿನಿಂದ 100 ಪೌಂಡುಗಳ ಬ್ಯಾಂಕ್ ಡ್ರಾಫ್ಟ್ ಬಂದಿತೆಂದು ಅವರು ಮುಂದೆ ಹೇಳಿಕೊಂಡರು. ಎರಡೇ ಪಂದ್ಯ ಆಡಿದವರು ಯಾವ ಶ್ರೇಷ್ಠ ಹನ್ನೊಂದಕ್ಕೂ ಸೇರುವುದಿಲ್ಲ. ಆದರೆ ಸಂಸ್ಥೆಯೊಂದು ತನ್ನವರನ್ನು ನೆನೆಯಲು ಪಟ್ಟಿಯೊಂದೇ ದಾರಿಯಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿಕೊಡುತ್ತದೆ.

ನಮ್ಮ ಹನ್ನೊಂದು ಯಾವುದು?

ಈಗ ನಮ್ಮತ್ತ ತಿರುಗೋಣ. ಕರ್ನಾಟಕದ ಕಾಲ್ಚೆಂಡಾಟಕ್ಕೆ ಸಣ್ಣ ಇತಿಹಾಸವೇನೂ ಇಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ತಂಡ ಫ್ರಾನ್ಸ್‌ಗೆ 1-2ರಿಂದ ಸೋತಾಗ, ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನಿಂದ ಹೋಗಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ ಅಹಮದ್ ಖಾನ್, ಅಲ್ಲಿನ ಅಭಿಮಾನಿಗಳು ‘ಪಂಚಪಾಂಡವ’ರೆಂದು ಕರೆದ ಐವರು ಮುಂಪಡೆ ಆಟಗಾರರಲ್ಲಿ ಒಬ್ಬರಾಗಿದ್ದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಆಡಿದರು. ಮೈಸೂರು ರಾಜ್ಯದ ತಂಡ 1946-47ರಿಂದ 1968-69ರ ನಡುವೆ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು. ಅಲ್ಲಿಂದ 54 ವರ್ಷಗಳ ನಂತರ, 2023ರ ಮಾರ್ಚ್‌ನಲ್ಲಿ ಕರ್ನಾಟಕ ಮತ್ತೆ ಆ ಟ್ರೋಫಿಯನ್ನು ಎತ್ತಿಹಿಡಿಯಿತು.

ಇಂದು ಕನ್ನಡಿಗರ ಸಾರ್ವಕಾಲಿಕ ತಂಡವನ್ನು ಆರಿಸಿ ಎಂದರೆ ಬೆಂಗಳೂರು ಎಫ್‌ಸಿ ಪಂದ್ಯಗಳನ್ನು ಕಂಡು ಬೆಳೆದ ನಮ್ಮ ಮಕ್ಕಳು ಮೊದಲು ಹೇಳುವುದು ಆ ತಂಡದವರ ಹೆಸರನ್ನೇ. ಅದರಲ್ಲಿ ತಪ್ಪೇನಿಲ್ಲ. ಆದರೆ ರಾಮನ್, ಅಹಮದ್ ಖಾನ್ ಎಂಬ ಹೆಸರುಗಳನ್ನು ಯಾರೂ ಹೇಳಿಕೊಡದಿದ್ದರೆ ಅವು ಮೆಕ್‌ಗ್ರೋರಿಯ ಹೆಸರಿಗಿಂತಲೂ ಬೇಗ ಅಳಿಸಿಹೋಗುತ್ತವೆ. ಮೆಕ್‌ಗ್ರೋರಿಗೆ 468 ಎಂಬ ಸಂಖ್ಯೆಯಾದರೂ ಉಳಿದಿದೆ. ನಮ್ಮ ಹಿರಿಯ ಆಟಗಾರರ ಲೆಕ್ಕ ಬರೆದಿಟ್ಟವರು ಕಡಿಮೆ.

ಆದಕಾರಣ ಓದುಗರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಭಾನುವಾರ ಮನೆಮಂದಿಯೆಲ್ಲ ಸೇರಿದಾಗ ಇಂತಹದೊಂದು ತಂಡವನ್ನು ಕಟ್ಟಿ ನೋಡಿ. ಮೊದಲು ಹಿರಿಯರು ಹೇಳಲಿ, ಕಿರಿಯರು ಕೇಳಲಿ. ಆಮೇಲೆ ಎಲ್ಲರೂ ಜಗಳವಾಡಲಿ. ಹನ್ನೊಂದು ಹೆಸರುಗಳಲ್ಲಿ ಒಮ್ಮತ ಮೂಡದಿದ್ದರೂ ಚಿಂತೆಯಿಲ್ಲ. ಹನ್ನೆರಡನೆಯ ಹೆಸರೊಂದು ಆ ಮಾತಿನಲ್ಲಿ ಸುಳಿದು ಮಕ್ಕಳ ಕಿವಿಗೆ ಬಿದ್ದರೆ ಅಷ್ಟೇ ಸಾಕು.