ಹೇರ್‌ಪಿನ್ ಮುಡಿಯಲ್ಲಿ ಮಾತ್ರವೆ?

‘ಏನ್ರೀ ಇದು, ಹುಳಿ-ಗೊಜ್ಜಿನ ಪಕ್ಕದ ಪುಟದಲ್ಲಿ ಕಾರು ರೇಸು?’ ಎಂದು ಮೂಗು ಮುರಿಯಬೇಡಿ. ಮುಡಿಗೆ ಸಿಕ್ಕಿಸುವ ಹೇರ್‌ಪಿನ್ ಹಾಗೆಯೇ ಬಗ್ಗಿ ಹಿಂದಕ್ಕೆ ತಿರುಗುವ ದಾರಿಗೂ ಅದೇ ಹೆಸರು. ಆ ತಿರುವನ್ನು ಕಾರಿನಲ್ಲಿ ದಾಟುವುದು ಹೇಗೆಂದು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ಅದರ ಹಿಂದೆ ಒಂದು ಕಥೆಯುಂಟು.

ನಮ್ಮದು ಚಿಕ್ಕಮಗಳೂರು ಕಡೆಯ ಸಣ್ಣ ಕಾಫಿ ತೋಟ. ಒಂಬತ್ತು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ಆರು ವರ್ಷದ ಮಗಳನ್ನು ಶಾಲೆಯಿಂದ ಕರೆತರುತ್ತಿದ್ದೆ. ಮನೆ ಹತ್ತಿರದ ಕಡಿದಾದ ತಿರುವಿನಲ್ಲಿ ಬಲಕ್ಕೆ ಸ್ಟಿಯರಿಂಗ್ ತಿರುಗಿಸಿದೆ. ಕಾರು ತಿರುಗಲೇ ಇಲ್ಲ! ನೆಟ್ಟಗೆ ಹೋಗಿ ಸಿಲ್ವರ್ ಓಕ್ ಮರಕ್ಕೆ ಮೂಗು ಜಜ್ಜಿಕೊಂಡಿತು. ಮಗುವಿಗೂ ನನಗೂ ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಿಂದ ಬಂದ ‘ಅಮ್ಮಾ’ ಎಂಬ ಆ ಕೂಗು ಕಿವಿಯಲ್ಲೇ ಉಳಿಯಿತು. ನಾನು ಕಾರಿನ ಬೀಗದ ಕೈ ಮುಟ್ಟುವುದನ್ನೇ ಬಿಟ್ಟೆ.

‘ಬಿಡು ಮಾರಾಯ್ತಿ, ಎಲ್ಲಿಗೆ ಬೇಕಾದ್ರೂ ನಾನೇ ಕರ್ಕೊಂಡು ಹೋಗ್ತೀನಿ’ ಎಂದರು ನಮ್ಮವರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಅತ್ತೆಯವರ ಬಿ.ಪಿ. ಮಾತ್ರೆ ಮುಗಿದರೂ, ಮಗಳಿಗೆ ಜ್ವರ ಬಂದರೂ, ಅವರು ತೋಟದಿಂದ ಬರುವವರೆಗೆ ಬಾಗಿಲಲ್ಲಿ ನಿಂತು ದಾರಿ ನೋಡುವುದಿದೆಯಲ್ಲ, ಅದು ಎಂಥ ಹಿಂಸೆ ಎಂದು ಒಂಟಿ ಮನೆಗಳಲ್ಲಿರುವ ಸೋದರಿಯರಿಗೆ ಹೇಳಬೇಕಾಗಿಲ್ಲ.

ಕಳೆದ ಬೇಸಿಗೆಯಲ್ಲಿ ಮೈದುನ ಒಂದು ಉಪಾಯ ತಂದ. ಹತ್ತಿರದ ಊರಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್ ನಡೆಯುವುದಿತ್ತು. ‘ಅತ್ತಿಗೆ, ನೀವು ಲೇಡೀಸ್ ಕ್ಲಾಸಿಗೆ ಹೆಸರು ಕೊಡಿ. ಗದ್ದೇಲಿ ಜಾರಿದ್ರೆ ಎಂತ ಆಗ್ತದೆ? ಬಟ್ಟೆ ಮಣ್ಣಾಗ್ತದೆ, ಅಷ್ಟೆ. ಅಲ್ಲಿ ಮರ ಇಲ್ಲ’ ಎಂದ. ಮರ ಇಲ್ಲ ಎಂಬ ಮಾತು ನನ್ನನ್ನು ಒಪ್ಪಿಸಿತು. ಅತ್ತೆಯವರು ಮಾತ್ರ ‘ಈ ವಯಸ್ಸಿಗೆ ಎಂತ ಹುಚ್ಚೇ ನಿಂಗೆ?’ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆಟೋಕ್ರಾಸ್ ಎಂದರೆ ಎಲ್ಲ ಕಾರುಗಳೂ ಒಟ್ಟಿಗೆ ಓಡುವ ರೇಸಲ್ಲ. ಬಯಲಿನಲ್ಲಿ ಕೋನು, ಹಳೆಯ ಟಯರು, ರಿಬ್ಬನ್ನು ಇಟ್ಟು ಸುತ್ತುಬಳಸಿನ ದಾರಿ ಮಾಡಿರುತ್ತಾರೆ. ಅದರಲ್ಲಿ ನಾವು ಓಡುವುದು ಗಡಿಯಾರದ ವಿರುದ್ಧ. ಕೋನು ಬೀಳಿಸಿದರೆ ದಂಡವಾಗಿ ಸೆಕೆಂಡು ಸೇರಿಸುತ್ತಾರೆ. ಅಮೆರಿಕದಲ್ಲಿ ಇದನ್ನು ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ಆಡುತ್ತಾರೆ, ಅಲ್ಲಿ ಒಂದು ಕೋನಿಗೆ 2 ಸೆಕೆಂಡು ದಂಡ. ನಮ್ಮ ಕಡೆ ಮಣ್ಣೇ ಮೈದಾನ. ವೇಗಕ್ಕಿಂತ ತಿರುವಿನ ಜಾಣತನ ಹೆಚ್ಚು ಬೇಕಾದ ಆಟ ಇದು. ನಮ್ಮ ಹಳೇ ಮಾರುತಿ 800 ಕೂಡ ಸಾಕು. 4.4 ಮೀಟರ್ ತ್ರಿಜ್ಯದಲ್ಲಿ ತಿರುಗಬಲ್ಲ ಪುಟ್ಟ ಕಾರು ಅದು.

ಮೊದಲ ಓಟದಲ್ಲಿ ಏನಾಯಿತು ಗೊತ್ತೆ? ಹೇರ್‌ಪಿನ್ ಬಂತು, ಗಾಬರಿಯಾಯಿತು, ತಿರುಗಿಸುತ್ತಲೇ ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ ಹೋಗಿ ಮೂರು ಕೋನು ನುಂಗಿತು. ಅದೇ ಮಳೆಗಾಲದ ಸಂಜೆ ಮತ್ತೆ ಕಣ್ಣ ಮುಂದೆ! ಕಾರಿನಿಂದ ಇಳಿಯುವಾಗ ಕೈಕಾಲು ನಡುಗುತ್ತಿತ್ತು. ಮೈದುನ ನಗಲಿಲ್ಲ, ಅದೊಂದು ಪುಣ್ಯ. ನನ್ನನ್ನು ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ.

ಟಯರಿಗೆ ಇರುವ ಹಿಡಿತ ಒಂದೇ, ಅದು ನಾವು ತಿಂಗಳಿಗೆಂದು ಇಟ್ಟುಕೊಂಡ ದುಡ್ಡಿನ ಹಾಗೆ. ಎಲ್ಲವನ್ನೂ ಬ್ರೇಕಿಗೇ ಖರ್ಚು ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಆಗ ಮುಂದಿನ ಚಕ್ರ ಎತ್ತ ನೋಡುತ್ತಿದ್ದರೂ ಕಾರು ನೆಟ್ಟಗೇ ಹೋಗುತ್ತದೆ. ನಾವು ಹೆದರಿ ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸುತ್ತೇವೆ, ಅದು ಇನ್ನಷ್ಟು ಕೇಳುವುದಿಲ್ಲ. ನಾನು ಮರಕ್ಕೆ ಗುದ್ದಿದ್ದು ಹೀಗೆಯೇ! ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಉಲ್ಟಾ: ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿ, ಬ್ರೇಕು ಒತ್ತಿದ್ದರೆ ಅದನ್ನೂ ಸಡಿಲಿಸಿ, ಸ್ಟಿಯರಿಂಗನ್ನು ತುಸು ಬಿಚ್ಚಿಕೊಡಬೇಕು. ಚಕ್ರಕ್ಕೆ ನೆಲ ಸಿಕ್ಕ ಕೂಡಲೆ ಕಾರು ತಾನೇ ತಿರುಗಲು ಶುರುಮಾಡುತ್ತದೆ.

ಹಾಗಾಗಿ ಬ್ರೇಕು, ಗೇರು ಎಲ್ಲವೂ ತಿರುವಿಗೆ ಮೊದಲೇ, ಕಾರು ನೆಟ್ಟಗಿರುವಾಗಲೇ ಮುಗಿದಿರಬೇಕು. ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಟುಕೊಂಡು ಬಾಗಿಲಲ್ಲಿ ತಿರುಗುವಾಗ ನಾವೇನು ಓಡಿಬಂದು ಗಕ್ಕನೆ ತಿರುಗುತ್ತೇವೆಯೇ? ಕಾರಿನ ಭಾರವೂ ಬಿಂದಿಗೆಯ ನೀರಿನ ಹಾಗೇ ತುಳುಕುತ್ತದೆ. ಬ್ರೇಕ್ ಹಾಕಿದರೆ ಮುಂದಕ್ಕೆ, ಆಕ್ಸಿಲರೇಟರ್ ಒತ್ತಿದರೆ ಹಿಂದಕ್ಕೆ, ತಿರುಗಿಸಿದರೆ ಹೊರಬದಿಗೆ. ಮತ್ತೊಂದು ಲೆಕ್ಕ ಕೇಳಿ. ಅದೇ ತಿರುವಿನಲ್ಲಿ 20 ಕಿ.ಮೀ. ವೇಗವನ್ನು 40 ಮಾಡಿದರೆ ಹೊರಕ್ಕೆ ಎಳೆಯುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ.

ಇನ್ನು ಗೆರೆಯ ವಿಚಾರ. ತಿರುವಿಗೆ ಹೊರಬದಿಯಿಂದ ಬಂದು, ಒಳಮೂಲೆಯನ್ನು ಸವರಿ, ಮತ್ತೆ ಹೊರಬದಿಗೆ ಹೋದರೆ ನಮ್ಮ ವೃತ್ತ ದೊಡ್ಡದಾಗುತ್ತದೆ. ಸಡಿಲ ಮಣ್ಣಿನಲ್ಲಿ 6 ಮೀಟರ್ ತ್ರಿಜ್ಯದ ತಿರುವಿಗೆ ಸುಮಾರು 20 ಕಿ.ಮೀ. ವೇಗ ತಡೆಯುವುದಾದರೆ, ಅದನ್ನೇ 9 ಮೀಟರ್ ಮಾಡಿಕೊಂಡರೆ 24 ತಡೆಯುತ್ತದೆ. ಆದರೆ ಹೇರ್‌ಪಿನ್ನಿನಲ್ಲಿ ಎಲ್ಲ ಹೊಸಬರೂ ಮಾಡುವ ತಪ್ಪು, ಒಳಗಿನ ಕೋನನ್ನು ಬೇಗ ಸವರಲು ಹೋಗುವುದು. ಹಾಗೆ ಮಾಡಿದರೆ ಹೊರಬರುವಾಗ ದಾರಿ ಮುಗಿದು ಕಾರು ಆಚೆ ಬೀಳುತ್ತದೆ. ‘ಕಾಯಿರಿ ಅತ್ತಿಗೆ, ಇನ್ನೂ ಕಾಯಿರಿ, ಈಗ ತಿರುಗಿಸಿ’ ಎಂದು ಮೈದುನ ನನ್ನನ್ನು ಕಾಲ್ನಡಿಗೆಯಲ್ಲೇ ನಾಲ್ಕು ಸಲ ಆ ಕೋನಿನ ಸುತ್ತ ನಡೆಸಿದ. ನೋಡುವವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಕಂಡಿರಬೇಕು! ತಡವಾಗಿ ತಿರುಗಿಸಿ, ಮೂಲೆಯ ಅರ್ಧ ದಾಟಿದ ಮೇಲೆ ಕೋನನ್ನು ಸವರಿದರೆ, ಅಷ್ಟರಲ್ಲಿ ಕಾರಿನ ಮೂಗು ಹೊರದಾರಿಯ ಕಡೆಗೇ ಇರುತ್ತದೆ. ಆಮೇಲೆ ಧೈರ್ಯವಾಗಿ ಆಕ್ಸಿಲರೇಟರ್ ಒತ್ತಬಹುದು.

ಕಣ್ಣು ಎಲ್ಲಿರುತ್ತದೋ ಕೈ ಅಲ್ಲಿಗೇ ಹೋಗುತ್ತದೆ. ರಂಗೋಲಿ ಎಳೆಯುವಾಗ ನಾವು ಬೆರಳನ್ನು ನೋಡ್ತೀವಾ? ಮುಂದಿನ ಚುಕ್ಕೆಯನ್ನು ನೋಡ್ತೀವಿ. ಹಾಗೆಯೇ ಕತ್ತನ್ನೇ ಹೊರಳಿಸಿ ಪಕ್ಕದ ಗಾಜಿನಿಂದ ಹೊರದಾರಿಯನ್ನು ನೋಡಬೇಕು. ಕೋನನ್ನೇ ದಿಟ್ಟಿಸಿದರೆ ಅದಕ್ಕೇ ಗುದ್ದುತ್ತೀರಿ.

ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರ ಜಾರಿಸಿ ಗಿರ್ರನೆ ತಿರುಗಿಸುವ ಹುಡುಗರನ್ನು ಕಂಡೆ. ನನಗೆ ಅದು ಇನ್ನೂ ಬಾರದು. ಅದು ಮೈದಾನದ ಆಟ, ರಸ್ತೆಯಲ್ಲಿ ಯಾರೂ ಮಾಡಕೂಡದು. ಅಂಬಾಸಡರ್‌ನಂಥ ಹಿಂಚಕ್ರದಿಂದ ಎಳೆಯುವ ಹಳೇ ಕಾರಿದ್ದವರಿಗೆ ಇನ್ನೊಂದು ಎಚ್ಚರಿಕೆ: ತಿರುವಿನಲ್ಲಿ ಆಕ್ಸಿಲರೇಟರ್ ಹೆಚ್ಚಾದರೆ ಬಾಲ ಹೊರಕ್ಕೆ ಬೀಸುತ್ತದೆ. ಬಾಲ ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು.

ಇದೆಲ್ಲ ಗಂಡಸರ ವಿದ್ಯೆ ಎನ್ನುವವರಿಗೆ ಎರಡು ಹೆಸರು ಹೇಳಿಬಿಡಿ. ಇಂಗ್ಲೆಂಡಿನ ಪ್ಯಾಟ್ ಮಾಸ್ 1960ರಲ್ಲಿ ಲಿಯೇಜ್-ರೋಮ್-ಲಿಯೇಜ್ ರ‍್ಯಾಲಿ ಗೆದ್ದಳು, ಪಕ್ಕದಲ್ಲಿ ದಾರಿ ಹೇಳುತ್ತಿದ್ದವಳೂ ಹೆಣ್ಣೇ, ಆನ್ ವಿಸ್ಡಮ್. ಫ್ರಾನ್ಸಿನ ಮಿಷೆಲ್ ಮೂತೋ 1981ರಲ್ಲಿ ಇಟಲಿಯ ಸಾನ್‌ರೆಮೊ ರ‍್ಯಾಲಿ ಗೆದ್ದು, ಮರುವರ್ಷ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದಳು.

ನನ್ನ ಎರಡನೆಯ ಓಟಕ್ಕೆ ಬರೋಣ. ಹೇರ್‌ಪಿನ್ನಿಗೆ ಮೊದಲೇ ಬ್ರೇಕ್, ಎರಡನೆಯ ಗೇರು, ಕಾಯಿ, ಕಾಯಿ... ಕೋನು ಬಾಗಿಲಿಗೆ ತಾಗಿತೇನೋ ಎನ್ನುವಷ್ಟು ಹತ್ತಿರ ಸರಿದುಹೋಯಿತು. ಬೀಳಲಿಲ್ಲ! ಬಹುಮಾನ ಗಿಹುಮಾನ ಬರಲಿಲ್ಲ, ಕೊನೆಯಿಂದ ಎರಡನೆಯವಳು ನಾನು. ಹಗ್ಗದ ಆಚೆ ನಿಂತಿದ್ದ ಮಗಳು ಮಾತ್ರ ‘ಅಮ್ಮಾ’ ಎಂದು ಕೂಗಿದ್ದು ಎಂಜಿನ್ ಸದ್ದಿನಲ್ಲೂ ಕೇಳಿಸಿತು.

ಈ ಮಳೆಗಾಲದಲ್ಲಿ ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದೊಯ್ದವಳು ನಾನೇ. ಸಿಲ್ವರ್ ಓಕಿನ ತಿರುವು ಬರುವ ಮೊದಲೇ ಬ್ರೇಕ್ ಹಾಕಿದೆ. ಅವರು ಕಣ್ಣು ಮುಚ್ಚಿ ರಾಮನಾಮ ಹೇಳುತ್ತಿದ್ದರು. ತಿರುವು ದಾಟಿದ ಮೇಲೆ ಕಣ್ಣು ತೆರೆದು, ‘ಮುಗೀತೇನೇ?’ ಎಂದರು.

ಹೋಗಬೇಕೆನ್ನುವವರಿಗೆ ಎರಡು ಮಾತು. ಸೀಟಿಗೆ ಬೆನ್ನು ಪೂರ್ತಿ ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ತಾಗುವಷ್ಟು ಹತ್ತಿರ ಕುಳಿತುಕೊಳ್ಳಿ. ಬೆಲ್ಟು, ಹೆಲ್ಮೆಟ್ಟು ತಪ್ಪಿಸಬೇಡಿ. ಪೆಡಲಿನಡಿ ಸಿಕ್ಕಿಕೊಳ್ಳುವ ಚಪ್ಪಲಿ ಬೇಡ, ಕ್ಯಾನ್ವಾಸ್ ಶೂ ಹಾಕಿ. ಜಡೆಯನ್ನು ಕತ್ತಿನ ಕೆಳಗೆ ಸಡಿಲವಾಗಿ ಹೆಣೆದು, ಹೇರ್‌ಪಿನ್ನುಗಳನ್ನೆಲ್ಲ ತೆಗೆದಿಡಿ, ಹೆಲ್ಮೆಟ್ಟಿನೊಳಗೆ ಚುಚ್ಚುತ್ತವೆ. ಬಟ್ಟೆಗೆ ಹತ್ತಿದ ಕೆಮ್ಮಣ್ಣನ್ನು ಒದ್ದೆಯಿರುವಾಗ ಉಜ್ಜಲು ಹೋಗಬೇಡಿ. ಚೆನ್ನಾಗಿ ಒಣಗಲಿ, ಬ್ರಷ್ಷಿನಿಂದ ಕೊಡವಿ, ಆಮೇಲೆ ಸೋಪಿನ ನೀರಿನಲ್ಲಿ ನೆನೆಹಾಕಿ.