ಪರಸ್ಪರ ವಿಶ್ವಾಸದ ಲೆಕ್ಕ

ಕಾಡಂಚಿನ ಊರೊಂದರಲ್ಲಿ ಅಕ್ಕಪಕ್ಕದ ಎರಡು ರಾಗಿ ಹೊಲಗಳಿರುವುವೆಂದು ಭಾವಿಸೋಣ. ಇಬ್ಬರು ಒಡೆಯರೂ ಸರದಿಯಂತೆ ರಾತ್ರಿ ಕಾವಲಿದ್ದರೆ ಇಬ್ಬರ ಪೈರೂ ಆನೆಗಳಿಂದ ಉಳಿಯುವುದು. “ನೆರೆಯವನು ಹೇಗೂ ಕಾಯುವನು, ನಾನೇಕೆ ನಿದ್ದೆಗೆಡಲಿ?” ಎಂದು ಇಬ್ಬರೂ ಎಣಿಸಿದರೆ ಎರಡು ಹೊಲಗಳೂ ಹಾಳಾಗುವುವು. ಸ್ವಂತ ಲಾಭವನ್ನೇ ನೋಡುವ ಜಾಣತನವು ಸ್ವಂತ ನಷ್ಟಕ್ಕೆ ಕಾರಣವಾಗುವ ಇಂತಹ ತೊಡಕನ್ನು 1950ರಲ್ಲಿ ಅಮೆರಿಕದ ಗಣಿತಜ್ಞರಾದ ಫ್ಲಡ್ ಮತ್ತು ಡ್ರೆಷರ್ ಎಂಬುವರು ಪರೀಕ್ಷಿಸಿದರು. ಟಕರ್ ಎಂಬ ಪಂಡಿತರು ಅದಕ್ಕೆ ಇಬ್ಬರು ಕೈದಿಗಳ ಕಥೆಯ ರೂಪವನ್ನು ಕೊಟ್ಟರು.

ಇದಕ್ಕೆ ಪರಿಹಾರವೇನು? ರಾಬರ್ಟ್ ಆಕ್ಸೆಲ್‌ರಾಡ್ ಎಂಬ ವಿದ್ವಾಂಸರು ಕಂಪ್ಯೂಟರಿನಲ್ಲಿ ಇದೇ ಆಟದ ಪಂದ್ಯವನ್ನೇರ್ಪಡಿಸಿದಾಗ, ಅನಾಟೋಲ್ ರಾಪೋಪೋರ್ಟ್ ಕಳುಹಿಸಿದ ಬಹು ಸರಳವಾದ ನಿಯಮವು ಗೆದ್ದಿತು: ಮೊದಲು ನೀನೇ ಸಹಕರಿಸು, ಬಳಿಕ ಎದುರಿನವನು ಮಾಡಿದಂತೆ ಮಾಡು. ನಾಳೆಯೂ ಅದೇ ಮುಖವನ್ನು ನೋಡಬೇಕಾದವರಲ್ಲಿ ಸಹಕಾರವು ಬೆಳೆಯುವುದೆಂಬುದೇ ಇದರ ತಿರುಳು.

ಹನೂರು ತಾಲ್ಲೂಕಿನಲ್ಲಿ ತಮಿಳುನಾಡಿನ ಗಡಿಯ ಬಳಿಯಿರುವ ಗೋಪಿನಾಥಂ ಗ್ರಾಮವು ಈ ಮಾತಿಗೆ ಸಾಕ್ಷಿಯಾಗಿದೆ. ಕಾಡುಗಳ್ಳ ವೀರಪ್ಪನ್ ಆ ಊರಿನವನೇ. ಬಾಯಿಬಿಟ್ಟರೆ ಅವನ ಭಯ, ಬಿಡದಿದ್ದರೆ ಸರಕಾರದವರ ಸಂಶಯ. ಹೀಗೆ ಊರವರು ಎರಡರ ನಡುವೆ ಸಿಕ್ಕಿಕೊಂಡಿದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು ಅಲ್ಲಿಗೆ ಬಂದು, ಬೆದರಿಕೆಯನ್ನು ಬಿಟ್ಟು, ತಾವೇ ಮೊದಲ ಹೆಜ್ಜೆಯಿಟ್ಟರು. ಊರಿನಲ್ಲಿಯೇ ನೆಲೆಸಿ ಔಷಧೋಪಚಾರಕ್ಕೂ ಕುಡಿಯುವ ನೀರಿಗೂ ಏರ್ಪಾಡು ಮಾಡಿದರು; ಮಾರಿಯಮ್ಮನ ಗುಡಿಯನ್ನು ಕಟ್ಟಿಸಲು ನೆರವಾದರು. ದಿನದಿನವೂ ಅವರನ್ನು ಕಾಣುತ್ತಿದ್ದ ಜನರು ಕ್ರಮೇಣ ಅವರನ್ನು ನಂಬಿದರು.

ಆದರೆ 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುವನೆಂಬ ಮಾತನ್ನು ನಂಬಿ ನಿರಾಯುಧರಾಗಿ ಕಾಡಿಗೆ ಹೋದ ಅವರನ್ನು ಅವನು ಕೊಂದನು. ಆಗ ಅವರಿಗೆ 37 ವರ್ಷ ವಯಸ್ಸು. ಮರಣಾನಂತರ ಅವರಿಗೆ ಕೀರ್ತಿಚಕ್ರವು ಸಂದಿತು.

ಹಾಗಾದರೆ ವಿಶ್ವಾಸವೇ ತಪ್ಪೆ? ಅಲ್ಲ. ಊರವರಿಗೂ ಶ್ರೀನಿವಾಸರಿಗೂ ನಾಳೆಯೆಂಬುದಿದ್ದಿತು. ಕೊಟ್ಟ ಮಾತಿಗೆ ಮರುದಿನ ಉತ್ತರ ಹೇಳಬೇಕಾಗಿತ್ತು. ಕಾಡಿನಲ್ಲಿ ಅಡಗಿದ್ದವನಿಗೆ ಅಂತಹ ಕಟ್ಟುಪಾಡೇನೂ ಇರಲಿಲ್ಲ. ಒಮ್ಮೆಗೇ ಮುಗಿಯುವ ಆಟದಲ್ಲಿ ವಂಚನೆಗೆ ಶಿಕ್ಷೆಯಿಲ್ಲ. ಅವರು ಊರಿನಲ್ಲಿ ಬಿತ್ತಿದ ವಿಶ್ವಾಸವಾದರೋ ವ್ಯರ್ಥವಾಗಲಿಲ್ಲ. ಅವರ ಮರಣಾನಂತರವೂ ಗ್ರಾಮದವರು ಅವರನ್ನು ಪೂಜ್ಯಭಾವದಿಂದ ಸ್ಮರಿಸುತ್ತ ಬಂದಿರುವರು.

ಶಾಲೆಯನ್ನು ಬಿಟ್ಟು ಸಂಸಾರ ನಡೆಯಿಸುತ್ತಿರುವ ಸಹೋದರಿಯರೇ, ನೀರಿನ ಸರದಿಯಲ್ಲಾಗಲಿ ಓರಗಿತ್ತಿಯರ ಕೆಲಸದ ಹಂಚಿಕೆಯಲ್ಲಾಗಲಿ ಮೊದಲ ಹೆಜ್ಜೆಯನ್ನು ನಾವೇ ಇಡೋಣ. ಎದುರಿನವರು ನಾಳೆಯೂ ನಮಗೆ ಮುಖ ತೋರಿಸಬೇಕಾದವರೇ ಎಂಬುದನ್ನು ಮಾತ್ರ ಮೊದಲು ವಿಚಾರಿಸೋಣ. ಔದಾರ್ಯವೂ ವಿವೇಕವೂ ಕೂಡಿದಲ್ಲಿ ಸಹಕಾರವು ನಿಲ್ಲುವುದು.